ಹಳೆಯ ನೀರು ಚೆಲ್ಲಿದ ದಿನ

ಧಾರವಾಡದ ನಮ್ಮ ಮನೆಯಲ್ಲಿ ನಳ ಬಂತೆಂದರೆ ಮೊದಲ ಕೆಲಸ ಹಳೆಯ ನೀರು ಚೆಲ್ಲುವುದು. ಕೊಡದಲ್ಲಿ ಎಷ್ಟೇ ಉಳಿದಿರಲಿ, ಅದನ್ನು ಗಿಡಕ್ಕೆ ಹಾಕಿ, ಹುಣಸೆಹಣ್ಣು ಹಚ್ಚಿ ಕೊಡ ತಿಕ್ಕಿ, ಹೊಸ ನೀರು ತುಂಬಬೇಕು. ನಿನ್ನೆಯ ನೀರು ಕುಡಿಯುವವರನ್ನು ನನ್ನವ್ವ ಮೈಗಳ್ಳರೆಂದೇ ಕರೆಯುತ್ತಿದ್ದಳು. ಇಪ್ಪತ್ತನಾಲ್ಕು ತಾಸೂ ನೀರು ಬರುವ ಲಂಡನ್ನಿನ ಕಿಂಗ್ಸ್‌ಬರಿಯ ಫ್ಲ್ಯಾಟಿನಲ್ಲೂ ನಾನು ದಿನಾ ಬೆಳಿಗ್ಗೆ ತಾಮ್ರದ ಕೊಡ ತಿಕ್ಕುತ್ತಿದ್ದೆ. ಪಾರ್ಕ್ ರಾಯಲ್‌ನ ಸ್ಯಾಂಡ್‌ವಿಚ್ ಫ್ಯಾಕ್ಟರಿಯಲ್ಲಿ ನನ್ನ ಮೇಜು ಎಲ್ಲರದಕ್ಕಿಂತ ಸ್ವಚ್ಛ. ಆ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು.

ಮಗಳಿಗೆ ಎಂಟು ತುಂಬಿದಾಗ ಅವಳಪ್ಪ ಒಂದು ಗಾಜಿನ ತೊಟ್ಟಿ, ಎರಡು ಗೋಲ್ಡ್‌ಫಿಶ್ ಕೊಡಿಸಿದರು. ಅಂಗಡಿಯವನು ಅವಳಿಗೆ ಬಿಡಿಸಿ ಹೇಳಿದ್ದ. ನಳದ ನೀರಿನಲ್ಲಿರುವ ಕ್ಲೋರಿನ್ ಮೀನಿಗೆ ಆಗದು, ಅದನ್ನು ಕಳೆಯಲು ಬಾಟಲಿಯಲ್ಲಿ ಕೊಟ್ಟ ಹನಿ ಬೆರೆಸಿಯೇ ಹಾಕಬೇಕು. ಹಳೆಯ ನೀರನ್ನು ಪೂರ್ತಿ ಚೆಲ್ಲಬಾರದು, ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ ಸಾಕು. ಅವಳು ಇದನ್ನು ನನಗೆ ಒಪ್ಪಿಸಿದಾಗ ನಕ್ಕುಬಿಟ್ಟೆ. ಹೊಲಸು ನೀರು ಉಳಿಸಿಕೊಳ್ಳುವುದಕ್ಕೂ ಒಂದು ಶಾಸ್ತ್ರವೇ? ಅವಳು ಮಾತ್ರ ಪ್ರತಿ ಶನಿವಾರ ಮಗ್ಗಿನಲ್ಲಿ ಅಳೆದು ನೀರು ಬದಲಿಸುತ್ತಿದ್ದಳು.

ಒಂದು ಗುರುವಾರ ನನಗೆ ರಜೆ, ಮಗಳು ಶಾಲೆಯಲ್ಲಿ. ಸಂಜೆ ಕ್ವೀನ್ಸ್‌ಬರಿಯಿಂದ ನಮ್ಮ ಕಡೆಯವರು ಊಟಕ್ಕೆ ಬರುವವರಿದ್ದರು. ತೊಟ್ಟಿಯ ಗಾಜಿಗೆ ಹಸಿರು ಲೋಳೆ ಹತ್ತಿತ್ತು, ನೀರು ಮಬ್ಬಾಗಿತ್ತು. ನನಗೆ ತಡೆಯಲಾಗಲಿಲ್ಲ. ಮೀನುಗಳನ್ನು ಬೋಗುಣಿಗೆ ಹಾಕಿ, ನೀರೆಲ್ಲ ಚೆಲ್ಲಿ, ಗಾಜು, ತಳದ ಹರಳು ತಿಕ್ಕಿ ತೊಳೆದು, ನಳದ ನೀರು ತುಂಬಿದೆ. ಹನಿಯ ಬಾಟಲಿ ಪಕ್ಕದಲ್ಲೇ ಇತ್ತು. ಮರೆತೆನೆಂದು ಹೇಳಲಾರೆ, ಬೇಕೆಂದೇ ಬಿಟ್ಟೆ. ಬಂದವರು ತೊಟ್ಟಿಯನ್ನು ಹೊಗಳಿದರು.

ಬೆಳಿಗ್ಗೆ ಎರಡೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಗಳು ನನ್ನ ಮುಖ ನೋಡಿದಳು.

"ಅಷ್ಟ ಹೊಲಸ ನೀರಾಗ ಇಟ್ಟಿದ್ದಿ," ಎಂದೆ. "ನಾ ತೊಳಿಯೂದ್ರಾಗ ತಡಾ ಆಗಿತ್ತು."

ಸುಳ್ಳೆಂದು ನನಗೆ ಗೊತ್ತಿತ್ತು. ಸ್ವಚ್ಛತೆಯ ವಿಷಯದಲ್ಲಿ ನಾನು ತಪ್ಪುವುದೇ ಇಲ್ಲ ಎಂದು ಮಗಳು ನಂಬಿದ್ದಳು. ಸಾರಿ ಎಂದಳು, ನನಗಲ್ಲ, ಮೀನುಗಳಿಗೆ.

ಆ ಚಳಿಗಾಲ ಶಾಲೆಯಲ್ಲಿ ಪೇರೆಂಟ್ಸ್ ಈವ್ನಿಂಗ್ ಇತ್ತು. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳನ್ನು ಹೊರಗೆ ಕೂರಿಸಿ ಟೀಚರ್ ಹೇಳಿದರು: ತರಗತಿಯಲ್ಲಿ ಮೀನಿನ ತೊಟ್ಟಿ ಇದೆ, ವಾರಕ್ಕೊಬ್ಬರಂತೆ ಮಕ್ಕಳು ನೋಡಿಕೊಳ್ಳುತ್ತಾರೆ, ನಿಮ್ಮ ಮಗಳೊಬ್ಬಳೇ ಒಲ್ಲೆ ಎನ್ನುತ್ತಾಳೆ. ತಾನು ಹೊಲಸು ಹುಡುಗಿ, ತಾನು ಮುಟ್ಟಿದರೆ ಮೀನು ಸಾಯುತ್ತವೆ ಅಂದಳಂತೆ. ಮನೆಯಲ್ಲಿ ಏನಾದರೂ ಆಯಿತೇ ಎಂದು ಕೇಳಿದರು. ಏನೂ ಇಲ್ಲ ಎಂದು ಎದ್ದು ಬಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಬಸ್ ಸ್ಟಾಪಿನಲ್ಲಿ ಅವಳ ಕೈ ಹಿಡಿದುಕೊಂಡೆ.

"ಆ ಮೀನ ನಿನ್ನಿಂದ ಸಾಯಲಿಲ್ಲವ್ವಾ. ನಾ ನೀರೆಲ್ಲಾ ಚೆಲ್ಲಿ, ಬಾಟಲಿ ಹನಿ ಹಾಕಲಾರದ ತುಂಬಿದ್ದೆ. ನೀ ಮಾಡೂದ ಸರಿ ಇತ್ತು. ತಪ್ಪ ನಂದು."

ಬಸ್ ಬಂತು. ಹತ್ತಿ ಕುಳಿತ ಮೇಲೆ, "ದೆನ್ ಯೂ ಟೆಲ್ ಮಿಸ್," ಎಂದಳು.

ಮರುದಿನ ಬೆಳಿಗ್ಗೆ ಇಂಗ್ಲಿಷಿನ ನಾಲ್ಕು ವಾಕ್ಯಗಳನ್ನು ದಾರಿಯುದ್ದಕ್ಕೂ ಕೂಡಿಸಿಕೊಳ್ಳುತ್ತ ಹೋದೆ. ತರಗತಿಯ ಬಾಗಿಲಲ್ಲಿ ಮಕ್ಕಳು ಕೋಟು ಬಿಚ್ಚಿ ತೂಗುಹಾಕುತ್ತಿದ್ದರು. ಮಗಳು ನನ್ನ ತೋಳು ಹಿಡಿದು ನಿಂತಿದ್ದಳು. ಆ ಮೀನುಗಳನ್ನು ಕೊಂದವಳು ನಾನು, ಸುಳ್ಳು ಹೇಳಿ ಇವಳ ಮೇಲೆ ಹಾಕಿದೆ ಎಂದು ಟೀಚರಿಗೆ ಮೆಲ್ಲಗೆ ಹೇಳಿದೆ. ಅವರು ನನ್ನನ್ನು ಸಮಾಧಾನ ಮಾಡಲು ಬಾಯಿ ತೆರೆದರು.

"ಸೇ ಇಟ್ ಅಗೇನ್, ಅಮ್ಮಾ," ಎಂದಳು ಮಗಳು.

ಮಕ್ಕಳಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದೆ.