ಲೆಕ್ಕ ಹೇಳಬ್ಯಾಡ್ರಿ

ಎಂಬತ್ತರ ದಶಕದಲ್ಲಿ ದುರ್ಗದ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಮಾದರಿಗಳ ಮೇಲೆ ಗಾಳಿ ಬೀಸಿ ಪರೀಕ್ಷಿಸುವ ಗಾಳಿ ಸುರಂಗವನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಬಾಗೂರಿನ ಕಡೆಯವರು. ನಾವು ಕಟ್ಟುತ್ತಿದ್ದ, ಎಂಜಿನ್ ಇಲ್ಲದೆ ಹಾರುವ ಗ್ಲೈಡರಿನ ರೆಕ್ಕೆ ಗಾಳಿಗೆ ಎಷ್ಟು ಬಾಗೀತೆಂದು ನಾನು ಲೆಕ್ಕ ಹಾಕಿ ತರುತ್ತಿದ್ದೆ. ಅವರು ರೆಕ್ಕೆಯ ಮಾದರಿಯನ್ನು ಸುರಂಗದಲ್ಲಿಟ್ಟು ಅಳೆಯುತ್ತಿದ್ದರು. ಅಳೆಯುವ ಮುಂಚೆ ನನ್ನ ಹಾಳೆಯನ್ನು ಬೋರಲು ಹಾಕಿ, “ಲೆಕ್ಕ ಹೇಳಬ್ಯಾಡ್ರಿ ಸಾರ್” ಎನ್ನುವರು.

ಕೊನೆಯ ಪರೀಕ್ಷೆಯ ದಿನ ತಡೆಯಲಾಗದೆ, “ಹನ್ನೆರಡು ಗೀಟು ಬಾಗುತ್ತಲ್ವಾ?” ಎಂದುಬಿಟ್ಟೆ.

ನಡುಗುತ್ತಿದ್ದ ರೆಕ್ಕೆಯ ತುದಿಯನ್ನು ಅಳತೆಪಟ್ಟಿಯ ಮೇಲೆ ನೋಡಿ ಅವರು ಹನ್ನೆರಡು ಎಂದು ಬರೆದರು. ಬರೆದವರೇ ಬೆವರೊರೆಸಿಕೊಂಡು ಅದನ್ನು ಹೊಡೆದುಹಾಕಿದರು. “ನೀವಂದಿದ್ದೇ ಕಾಣ್ತೈತೆ. ನನ್ನ ಕಣ್ಣು ಕೆಡಿಸಿಬಿಟ್ರಿ.”

ಕಸ ಗುಡಿಸುತ್ತಿದ್ದಾಕೆಯನ್ನು ಕರೆದು, “ಎಷ್ಟನೇ ಗೀಟಿಗೈತೆ ನೋಡವ್ವ” ಎಂದರು.

ಆಕೆ ಸುರಂಗದ ಗಾಜಿಗೆ ಮೂಗು ತಾಗಿಸಿ ಎಣಿಸಿದಳು. “ಹದಿನೇಳಕ್ಕೈತಣ್ಣ.”

ಅವರು ಹೊಡೆದುಹಾಕಿದ್ದ ಹನ್ನೆರಡರ ಪಕ್ಕ ಹದಿನೇಳು ಎಂದು ಬರೆದರು. ಆ ಗ್ಲೈಡರಿನಲ್ಲಿ ಕೂತು ಅದನ್ನು ಮೊದಲು ಹಾರಿಸಬೇಕಾಗಿದ್ದವನು ನಾನೇ.