ನಾನು ಓದದೆ ಬಿಟ್ಟ ಸಾಲು

ಅಪ್ಪ ಹಾಲ್ಕುರಿಕೆ ಕಡೆಯ ಒಂದು ಹೈಸ್ಕೂಲಿನಲ್ಲಿ ಜವಾನನಾಗಿದ್ದ. ಗಂಟೆ ಹೊಡೆಯುವುದು, ಮಡಕೆಗೆ ನೀರು ತುಂಬುವುದು, ಪರೀಕ್ಷೆ ಬಂದರೆ ಬೆಂಚು ಹೊರುವುದು. ಎಪ್ಪತ್ತರ ದಶಕದ ಕೊನೆಯಲ್ಲಿ ಅವನು ನಿವೃತ್ತನಾಗುವಾಗ ಒಂದು ಫಾರಂ ಬಂತು. ಪೂರ್ತಿ ಇಂಗ್ಲಿಷ್. ನಾನು ಆಗ ತಿಪಟೂರಿನಲ್ಲಿ ಗುಮಾಸ್ತ. ಮನೆಗೆಲ್ಲ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಆ ಜಂಬವೂ ಇತ್ತು ಅನ್ನಿ.

ಜಗಲಿಯ ಮೇಲೆ ಕೂತು ಅದನ್ನು ಕನ್ನಡದಲ್ಲಿ ಹೇಳಿದೆ. ಇಷ್ಟು ವರ್ಷದ ದುಡ್ಡನ್ನು ಒಂದೇ ಸಲ ಇಡಿಗಂಟಾಗಿ ತೆಗೆದುಕೊಳ್ಳಬಹುದು, ಇಲ್ಲವೇ ತಿಂಗಳಿಗಿಷ್ಟು ಅಂತ ಪೆನ್ಷನ್. ಎರಡರಲ್ಲೊಂದಕ್ಕೆ ಸಹಿ ಹಾಕಬೇಕು. ಅಪ್ಪ ಪೆನ್ಷನ್ ಕಡೆಗೇ ವಾಲಿದ್ದ. ಬಾಗಿಲಿಗೆ ಒರಗಿ ನಿಂತಿದ್ದ ಅವ್ವ, "ತಿಂಗ್ಳು ತಿಂಗ್ಳು ಬಂದ್ರೆ ಯಾರ ಮುಂದೂ ಕೈಚಾಚೋ ಹಂಗಿರಲ್ಲ ಕಣಪ್ಪ" ಅಂದಳು.

ನನ್ನ ಕಣ್ಣು ಬೇರೆ ಕಡೆ ಇತ್ತು. ನಮ್ಮ ತೋಟಕ್ಕೆ ಅಂಟಿಕೊಂಡ ಒಂದು ಪಟ್ಟಿ ಜಮೀನು ಮಾರಾಟಕ್ಕೆ ಬಂದಿತ್ತು. ಇಪ್ಪತ್ತು ಚಿಲ್ಲರೆ ತೆಂಗಿನಮರ, ಎಲ್ಲವೂ ಫಲ ಬಿಡುತ್ತಿದ್ದವು. ಚಿಕ್ಕಂದಿನಿಂದ ಬೇಲಿಯ ಈ ಕಡೆ ನಿಂತು ನೋಡಿ ಆಸೆಪಟ್ಟ ಮರಗಳು.

"ನಾಳೆ ನಿನಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಪೆನ್ಷನ್ ಅಲ್ಲಿಗೇ ಮುಗೀತು ಕಣಪ್ಪ. ಮರ ಆದ್ರೆ ಅವ್ವನಿಗೂ ಆಯ್ತವೆ" ಅಂದೆ.

ಅದು ಸುಳ್ಳು. ನೌಕರ ತೀರಿಕೊಂಡರೆ ಹೆಂಡತಿಗೆ ಒಂದು ಪಾಲು ಪೆನ್ಷನ್ ಮುಂದುವರಿಯುತ್ತದೆ ಅಂತ ಎರಡನೇ ಪುಟದಲ್ಲಿ ಒಂದು ಸಾಲು ಇತ್ತು. ಮನಸ್ಸಿನಲ್ಲಿ ಎರಡು ಸಲ ಓದಿಕೊಂಡಿದ್ದೆ, ಬಾಯಿಬಿಟ್ಟು ಓದಲಿಲ್ಲ. ಅಪ್ಪ ನಾನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದ.

ಆ ಇಡಿಗಂಟಿನಲ್ಲಿ ಪಟ್ಟಿ ನಮ್ಮದಾಯಿತು. ಮೂರನೇ ವರ್ಷಕ್ಕೆ ಅಪ್ಪ ಹೋಗಿಬಿಟ್ಟ.

ನಮ್ಮ ಸೀಮೆಯಲ್ಲಿ ಕಾಯಿ ಕೆಡವಿದ ಕೂಡಲೇ ಮಾರುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವ ತನಕ ಹೆಚ್ಚುಕಮ್ಮಿ ವರ್ಷ ಬಿಡುತ್ತಾರೆ. ಹಸಿ ಕಾಯಿ ಮಾರಿದರೆ ಆ ಮನೆಯಲ್ಲಿ ಏನೋ ತಾಪತ್ರಯ ಅಂತ ಊರು ಆಡಿಕೊಳ್ಳುತ್ತದೆ. ಮರ ಎಣಿಸಿದ ನಾನು ಆ ವರ್ಷವನ್ನು ಎಣಿಸಿರಲಿಲ್ಲ. ಅಟ್ಟ ತುಂಬಿದ್ದರೆ ಸಾಕು, ಮನೆ ತುಂಬಿದ ಹಾಗೆ ಅಂದುಕೊಂಡೇ ಬೆಳೆದವರು ನಾವು. ಇನ್ನು ಕೊಬ್ಬರಿ ಮಾರಿದಾಗ ಬಂದ ದುಡ್ಡು ಗೊಬ್ಬರ, ಕೂಲಿ, ನನ್ನ ಮಕ್ಕಳ ಫೀಸು ಅಂತ ನನ್ನ ಜೇಬಿನಲ್ಲೇ ಕರಗುತ್ತಿತ್ತು. ಅವ್ವ ಎಲೆ ಅಡಿಕೆಗೆ, ಮಾತ್ರೆಗೆ ನನ್ನನ್ನೇ ಕೇಳಬೇಕಿತ್ತು. ಇಲ್ಲ ಅಂದವನಲ್ಲ ನಾನು. ಆದರೆ ಪ್ರತಿ ಸಲವೂ ಯಾತಕ್ಕೆ ಅಂತ ಕೇಳುತ್ತಿದ್ದೆ.

ಒಂದು ಭಾನುವಾರ ಊರಿಗೆ ಹೋದಾಗ ಅಟ್ಟದ ಒಂದು ಮೂಲೆ ಖಾಲಿಯಾಗಿತ್ತು. ಪಕ್ಕದಲ್ಲಿದ್ದ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಇನ್ನೂ ನೀರು ಕುಲುಕುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಅಲ್ಲಿಂದಲೇ ಕೂಗಿದೆ. "ನೀರಾಡೋ ಕಾಯಿನ ಯಾರಾದ್ರೂ ಮಾರ್ತಾರೇನವ್ವ? ಊರವ್ರು ಏನಂದ್ಕೊತಾರೆ?"

ಕೆಳಗೆ ಒಲೆಯ ಮುಂದೆ ಕೂತಿದ್ದ ಅವ್ವ ತಲೆ ಎತ್ತಲಿಲ್ಲ. "ದಬ್ಬೇಘಟ್ಟದಲ್ಲಿ ನನ್ನ ತಂಗಿಗೆ ಹುಷಾರಿರ್ಲಿಲ್ಲ. ಹೋಗಿ ನೋಡ್ಕೊಂಡು ಬಂದೆ. ನಿನ್ನ ಕೇಳಿದ್ರೆ ಯಾತಕ್ಕೆ ಅಂತೀಯ."

ನಾನು ಏಣಿ ಇಳಿದು ಬಂದೆ. ತಟ್ಟೆ ಇಟ್ಟಳು, ಮುದ್ದೆ ಬಡಿಸಿದಳು. ನಾನು ಉಣ್ಣುತ್ತಿರುವಾಗ ಯಾವುದೋ ಹಳೇ ಮಾತು ನೆನಪಾದವಳಂತೆ ಕೇಳಿದಳು. "ಆವತ್ತು ನೀನು ಓದಿದ್ಯಲ್ಲ ಕಾಗದ, ಅದ್ರಲ್ಲಿ ನಂಗೆ ಅಂತ ಏನೂ ಬರ್ದಿರ್ಲಿಲ್ವಾ?"

ಹೇಳಿಬಿಡಬಹುದಿತ್ತು. ಬಾಯಲ್ಲಿ ತುತ್ತು ಇತ್ತು, ಅದನ್ನು ನುಂಗಿ, "ಇಲ್ಲವ್ವ" ಅಂದೆ.

"ಹೋಗ್ಲಿ ಬುಡು. ಅವ್ರು ಬರೀದೇ ಇದ್ರೆ ನೀನೇನ್ ಮಾಡ್ತೀಯ" ಅಂದಳು.

ಹೊರಡುವಾಗ ಸೆರಗಿನ ಗಂಟು ಬಿಚ್ಚಿ, ಕಾಯಿ ಮಾರಿದ್ದರಲ್ಲಿ ಉಳಿದಿದ್ದ ಎರಡು ರೂಪಾಯಿಯನ್ನು ನನ್ನ ಅಂಗೈಗೆ ತುರುಕಿದಳು. "ತಗೋ, ಬಸ್ಸಿಗಾಯ್ತದೆ. ಬೈಬೇಡ ನನ್ನ" ಅಂದಳು. ನಾನು ತೆಗೆದುಕೊಂಡೆ.