ಬಂಬದ ನಳಿಗೆ

ನಮ್ಮ ಹಿತ್ತಲಲ್ಲಿ, ಬಚ್ಚಲಿನ ಗೋಡೆಗೆ ಒತ್ತಿಕೊಂಡು ಒಂದು ತಾಮ್ರದ ಬಂಬ ನಿಂತಿತ್ತು. ಬಂಬ ಅಂದರೆ ನೀರು ಕಾಯಿಸುವ ದೊಡ್ಡ ಡ್ರಮ್ಮು. ಹೊಟ್ಟೆಯ ತುಂಬ ನೀರು, ನಟ್ಟನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ನಳಿಗೆ, ಆ ನಳಿಗೆಯೊಳಗೆ ಬೆಂಕಿ. ಮೇಲಿನ ಬಾಯಿಂದ ತೊಗರಿ ಕಟ್ಟಿಗೆ ಇಳಿಬಿಡುತ್ತ ಕೂತರೆ ಬೀದರದ ಚಳಿಗಾಲದಲ್ಲೂ ಮನೆಮಂದಿಗೆಲ್ಲ ಸಾಕಾಗುವಷ್ಟು ಸುಡುನೀರು. ನಮ್ಮ ಮದುವೆಯಲ್ಲಿ ಹೆಂಡತಿಯ ತವರಿನವರು ಅದನ್ನು ಮೆಹಕರದಿಂದ ಬಸ್ಸಿನ ಮೇಲೆ ಹಾಕಿ ಕಳಿಸಿದ್ದರು. ನಾನು ಮುಂದೆ ಅದೇ ದಾರಿಯಲ್ಲಿ ಕಂಡಕ್ಟರ್ ಆದೆ. "ಅವತ್ತು ನಾನು ಡ್ಯೂಟಿ ಮೇಲಿದ್ದಿದ್ರ ನಿಮ್ಮಪ್ಪಗ ಲಗೇಜ್ ಟಿಕೀಟ್ ಹರೀತಿದ್ದೆ" ಎಂದು ಅವಳನ್ನು ಕಾಡುವುದು ನಿವೃತ್ತಿಯಾದ ಮೇಲೂ ಬಿಟ್ಟಿರಲಿಲ್ಲ.

ಅವಳಿಗೆ ಸಂಧಿವಾತ. ಬೆರಳುಗಳು ಒಂದೊಂದಾಗಿ ಸೊಟ್ಟಗಾದವು. ಮೊದಲು ರೊಟ್ಟಿ ತಟ್ಟುವುದು ಹೋಯಿತು. ಆಮೇಲೆ ಈಳಿಗೆ ಹೋಯಿತು, ಗ್ಯಾಸಿನ ಒಲೆ ತಿರುವುವುದು ಹೋಯಿತು, ಸೀರೆಯ ನಿರಿಗೆ ಹಿಡಿಯುವುದು ಸೊಸೆಯ ಪಾಲಿಗೆ ಬಂತು. ನಾಲ್ಕು ಮಂದಿಯ ಅಡುಗೆಯನ್ನು ನಿಂತ ಕಾಲಮೇಲೆ ಮುಗಿಸುತ್ತಿದ್ದ ಹೆಂಗಸಿಗೆ ಕೊನೆಗೆ ಉಳಿದದ್ದು ಬಂಬ ಒಂದೇ. ಕಟ್ಟಿಗೆಯನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದು ನಳಿಗೆಗೆ ಬಿಡಲು ಬೆರಳು ಬೇಕಾಗಿರಲಿಲ್ಲ. ಕಡ್ಡಿ ಗೀರಿಕೊಡುವುದು ಮಾತ್ರ ನನ್ನ ಕೆಲಸ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಶಾಲು ಹೊದ್ದು, ಮಣೆ ಹಾಕಿಕೊಂಡು ಕೂರುತ್ತಿದ್ದಳು. "ನೀರ ಕಾದಾವ, ಏಳ್ರಿ!" ಎಂದು ಅವಳು ಕೂಗಿದ ಮೇಲೆಯೇ ಮನೆಗೆ ಬೆಳಗಾಗುತ್ತಿತ್ತು. ಯಾರಾದರೂ ಹೊದ್ದು ಮಲಗಿದ್ದರೆ ಬೈಗುಳ ಗ್ಯಾರಂಟಿ.

ಬಂಬಕ್ಕೆ ಒಂದೇ ನಿಯಮ. ಬಿಸಿನೀರು ಯಾರು ಹಿಡಿದುಕೊಂಡರೋ ಅವರೇ ಮೇಲಿನಿಂದ ಅಷ್ಟೇ ತಣ್ಣೀರು ಸುರಿಯಬೇಕು. ನೀರಿಲ್ಲದೆ ಬೆಂಕಿ ಉರಿದರೆ ಬೆಸುಗೆ ಕರಗುತ್ತದೆ. ನಮ್ಮ ಮನೆಯಲ್ಲಿ ಇದನ್ನು ಯಾರಿಗೂ ಎರಡು ಸಲ ಹೇಳಬೇಕಾಗಿರಲಿಲ್ಲ.

ಕಳೆದ ಚಳಿಗಾಲ ಓಣಿಯ ಹಿರಿಯರೊಬ್ಬರು ತೀರಿಕೊಂಡರು. ನಾವು ಗಂಡಸರೆಲ್ಲ ಮಣ್ಣಿಗೆ ಹೋದೆವು. ಹೋಗಿ ಬಂದವರಿಗೆ ಬಿಸಿನೀರು ಇರಲಿ ಎಂದು ಇವಳು ನಳಿಗೆಯ ತುಂಬ ಕಟ್ಟಿಗೆ ತುರುಕಿ, ಹೆಂಗಸರ ಜೊತೆ ಸತ್ತವರ ಮನೆಗೆ ಹೋಗಿ ಕೂತಳು. ನಾವು ಬಂದೆವು. ಮಣ್ಣಿನಿಂದ ಬಂದವರು ಸ್ನಾನವಾಗುವ ತನಕ ಮನೆಯಲ್ಲಿ ತುಂಬಿಟ್ಟ ನೀರನ್ನು ಮುಟ್ಟುವಂತಿಲ್ಲ. ಬಂಬದಲ್ಲಿ ಬೆಂಕಿ ಇದೆ, ಅದಕ್ಕೆ ಮೈಲಿಗೆಯಿಲ್ಲ, ಅದರ ತೋಟಿ, ಅಂದರೆ ನಲ್ಲಿ, ಮುಟ್ಟಬಹುದು. ತಣ್ಣೀರಿನ ತೊಟ್ಟಿಗೆ ಮಾತ್ರ ಕೈ ಹಾಕಬಾರದು. ಹಾಗಾಗಿ ಓಣಿಯ ಅರ್ಧ ಗಂಡಸರು ಒಬ್ಬರ ಹಿಂದೆ ಒಬ್ಬರು ತೋಟಿ ತಿರುವಿ ಮೈಮೇಲೆ ಸುರಿದುಕೊಂಡರು. ಸ್ನಾನವಾದವರು ಹಿಂದಿನ ಮೈಲಿಗೆಯವರನ್ನು ಮತ್ತೆ ಮುಟ್ಟಬಾರದೆಂದು ಜಾಗ ಬಿಟ್ಟು ಮನೆಗೆ ನಡೆದರು, ನಾನೂ ಒಳಗೆ ಹೋದೆ. ಮೇಲೆ ಸುರಿಯುವವರು ಯಾರೂ ಇರಲಿಲ್ಲ. ಶಾಸ್ತ್ರ ಬಿಡದ ಮಂದಿ, ತಪ್ಪು ಯಾರದೆಂದು ಕೇಳಿದರೆ ಯಾರದೂ ಅಲ್ಲ. ಸಂಜೆ ಅವಳು ಬಂದು ನೋಡಿದಾಗ ಬಂಬ ಒಣಗಿ ನಿಂತಿತ್ತು. ನಾನು ಒಂದು ಕೊಡ ಸುರಿದೆ. ನೀರೆಲ್ಲ ನಡುವಿನ ನಳಿಗೆಯಿಂದ ಕೆಳಗಿಳಿದು, ಬೂದಿ ಕದಡಿಕೊಂಡು ನಮ್ಮ ಕಾಲಿಗೇ ಬಂತು.

"ನಳಿಗಿ ಒಂದ ಹೋಗ್ಯಾದ್ರಿ. ಹೊಟ್ಟಿ ಗಟ್ಟಿ ಅದ" ಎಂದಳು ಅವಳು, ಬಂಬದ ಮೇಲೆ ಮುಂಗೈ ಸವರುತ್ತ. "ನಳಿಗಿ ಒಂದ ತಂದ್ರ ಸಾಕು."

ಮಗ ಬೀದರದ ಪಕ್ಕದ ಕೊಳಾರದ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಗೀಜರ್ ತರುತ್ತೇನೆ ಎಂದ. ಅವನ ಮೇಲೆ ಸುಮ್ಮನೆ ರೇಗಿದೆ. ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ನನಗೆ ಬೇಕಾಗಿದ್ದದ್ದು ಬಿಸಿನೀರಲ್ಲ. ಬಂಬ ಹೋದರೆ ಈ ಮನೆಯಲ್ಲಿ ಅವಳ ಕೈಯಿಂದ ಆಗುವ ಕೆಲಸ ಒಂದೂ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಬೀದರದ ಪಾತ್ರೆ ಅಂಗಡಿಗಳಲ್ಲಿ ನಳಿಗೆ ಅಂದ ಕೂಡಲೇ ನಕ್ಕರು. "ತಾಮ್ರಕ್ಕ ಛಲೋ ರೇಟ್ ಅದ ಕಾಕಾ, ತೂಕಕ್ಕ ಹಾಕಿಬಿಡ್ರಿ" ಎಂದರು. ಎಲ್ಲರ ಕಣ್ಣೂ ತಕ್ಕಡಿಯ ಮೇಲೆ. ಮಗ ಬೇಸರ ಮರೆತು ಕೊಳಾರದ ಒಂದು ವರ್ಕ್‌ಶಾಪಿಗೆ ಬಂಬವನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದ. ಅಲ್ಲಿಯವನು ಬೆಸುಗೆ ಹಾಕಲು ಹೋದಲ್ಲೆಲ್ಲ ಹೊಸ ತೂತು ಬಿತ್ತಂತೆ, ತಾಮ್ರ ಅಷ್ಟು ತೆಳ್ಳಗಾಗಿತ್ತು. ಕೊನೆಗೆ ಹಳೆಯ ನಳಿಗೆ ಕತ್ತರಿಸಿ ತೆಗೆದು ಕಬ್ಬಿಣದ ಪೈಪು ಕೂಡಿಸಿಕೊಟ್ಟ. ಮರುದಿನ ನಸುಕಿನಲ್ಲಿ ಅವಳು ಮಣೆ ಹಾಕಿಕೊಂಡು ಕೂತಳು. ನಾನು ಕಡ್ಡಿ ಗೀರಿದೆ. ಬಂಬ ಗುಯ್ ಎನ್ನತೊಡಗಿದಾಗ ಮದುವಣಗಿತ್ತಿಯ ಹಾಗೆ ನಕ್ಕಳು. ಆಮೇಲೆ ಒಳಗೆ ಚುಂಯ್ ಎಂಬ ಸದ್ದು. ಕಬ್ಬಿಣ ತಾಮ್ರ ಕೂಡಿದ ಜಾಗ ಬಿಟ್ಟುಕೊಂಡು ಬೆಂಕಿ ಆರಿಹೋಯಿತು. ಕೆಂಪು ನೀರು ಹಿತ್ತಲೆಲ್ಲ ಹರಿಯಿತು. ಅವಳು ಎದ್ದು ಒಳಗೆ ಹೋದಳು, ಯಾರನ್ನೂ ಕೂಗಲಿಲ್ಲ.

ಭಾಲ್ಕಿಯಲ್ಲಿ ತಾಮ್ರದ ಕೆಲಸದವರ ಅಂಗಡಿಯೊಂದಿತ್ತು. ಎಷ್ಟೋ ವರ್ಷ ನನ್ನ ಬಸ್ಸು ಅದರ ಮುಂದೆಯೇ ನಿಲ್ಲುತ್ತಿತ್ತು, ಬಡಿಯುವ ಸದ್ದಿಗೆ ನನ್ನ ಸೀಟಿ ಡ್ರೈವರನಿಗೆ ಕೇಳುತ್ತಿರಲಿಲ್ಲ. ಹೋಗಿ ನೋಡಿದರೆ ಅಲ್ಲಿ ಪ್ಲಾಸ್ಟಿಕ್ ಕುರ್ಚಿ, ಬಕೆಟ್ಟು. ಮಾಲೀಕ ಚಹಾ ತರಿಸಿದ.

"ನಮ್ಮಪ್ಪಗ ಬರ್ತಿತ್ರಿ. ನನಗ ಬರಂಗಿಲ್ಲ" ಎಂದ. "ಔರಾದಿಗಿ ಹೋಗಿ ನೋಡ್ರಿ. ಅಲ್ಲಿ ಗುಜರಿಯವರು ಹಳ್ಳಿ ಹಳ್ಳಿ ತಿರುಗಿ ಹಳೇ ಬಂಬ ತರ್ತಾರ. ಒಂದರದ ನಳಿಗಿ ತಗದು ಇನ್ನೊಂದಕ್ಕ ಹಾಕಬಹುದು."

ಇದು ನನಗೇಕೆ ಹೊಳೆಯಲಿಲ್ಲ ಎಂದು ಹಣೆ ಬಡಿದುಕೊಂಡೆ. ಅವತ್ತು ರಾತ್ರಿ ಅವಳಿಗೆ ಹೇಳಿದಾಗ ಅವಳು ಊಟಕ್ಕೆ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡಳು.

ಔರಾದಿನ ಗುಜರಿಯಂಗಳದಲ್ಲಿ ನಿಜಕ್ಕೂ ಬಂಬಗಳಿದ್ದವು. ತಗಡಿನ ರಾಶಿಯ ಪಕ್ಕದಲ್ಲಿ ಮೂರು, ಸಾಲಾಗಿ. ಒಂದಂತೂ ನಮ್ಮದರ ಅಣ್ಣತಮ್ಮನೇ ಸರಿ, ಅದೇ ಎತ್ತರ, ಅದೇ ಕಂಠ. ಡಾಬಕಾದಿಂದ ಬಂದದ್ದು ಎಂದ ಅಂಗಡಿಯವನು. ನಾನು ಬಗ್ಗಿ ನಳಿಗೆಯೊಳಗೆ ಇಣುಕಿದೆ. ಬೆಳಕು ಕೆಳಗಿನಿಂದ ಮಾತ್ರ ಬರಬೇಕಿತ್ತು, ತೋಟಿ ಕಿತ್ತ ಜಾಗದಿಂದಲೂ ನಳಿಗೆಯ ಮೈ ತೂರಿ ಬರುತ್ತಿತ್ತು. ಎರಡನೆಯದಕ್ಕೂ ಅದೇ ಗತಿ. ಮೂರನೆಯದನ್ನು ಇಣುಕುವ ಮೊದಲೇ ನನಗೆ ವಿಷಯ ತಿಳಿದುಹೋಯಿತು. ಬಂಬದಲ್ಲಿ ಮೊದಲು ಹೋಗುವುದೇ ನಳಿಗೆ. ನಳಿಗೆ ಗಟ್ಟಿ ಇದ್ದ ಬಂಬವನ್ನು ಯಾವ ಮನೆಯವರೂ ಗುಜರಿಗೆ ಹಾಕುವುದಿಲ್ಲ. ಔರಾದೇಕೆ, ಉದಗೀರಕ್ಕೆ ಹೋದರೂ, ಇಡೀ ಮರಾಠವಾಡ ತಿರುಗಿದರೂ, ಮಾರಾಟಕ್ಕೆ ಬಂದ ಬಂಬಗಳೆಲ್ಲ ನನ್ನ ಹಾಗೆಯೇ ಯಾರೋ ನಳಿಗೆ ಹುಡುಕಿ ಸೋತ ಮನೆಗಳಿಂದ ಬಂದವೇ. ಸುಮ್ಮನೆ ಒಂದು ತಗಡಿನ ಡಬ್ಬಿಯ ಮೇಲೆ ಕೂತೆ. ಈ ವಯಸ್ಸಿನಲ್ಲಿ, ಅಷ್ಟು ಮಂದಿಯ ಎದುರು ಅಳು ಬಂತು, ನಾಚಿಕೆಯೂ ಆಗಲಿಲ್ಲ.

"ನಿಮ್ದೂ ತಂದು ಕೊಡ್ತೀರೇನ್ರಿ?" ಎಂದು ಅಂಗಡಿಯವನು ಕೇಳಿದ. ಪಾಪ, ಅವನ ವ್ಯಾಪಾರ ಅವನದು. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಮುಂದಿನ ವಾರ ಉದಗೀರಕ್ಕೆ ಹೋಗಿ ಬರುತ್ತೇನೆ ಎಂದು ಅವಳಿಗೆ ಸುಳ್ಳು ಹೇಳಿದೆ. ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು.

"ಸಾಕ್ರಿ ಇನ್ನ" ಎಂದಳು. "ತಿರುಗಾಡಿ ತಿರುಗಾಡಿ ನಿಮ್ಮ ಮಣಕಾಲೂ ಹೋದ್ರ ಇಬ್ಬರನ್ನೂ ಯಾರ ನೋಡಬೇಕು? ಗೀಜರ್ ತರಾಕ ಹೇಳ್ರಿ ಅವಗ."

ಗೀಜರ್ ಬಂತು. ಮೊದಲ ಬೆಳಿಗ್ಗೆ ಮಗ ಅವಳನ್ನು ಬಚ್ಚಲ ಬಾಗಿಲಿಗೆ ಕರೆದುಕೊಂಡು ಹೋಗಿ, "ಅವ್ವಾ, ಸ್ವಿಚ್ ನೀನೇ ಒತ್ತು" ಎಂದ. ಅವಳ ಕೆಲಸ ಅವಳಿಗೇ ಇರಲಿ ಎಂಬ ಆಸೆ ಅವನಿಗೂ ಇತ್ತು. ಅವಳು ಮುಂಗೈಯಿಂದ ಒತ್ತಿದಳು. ಕೆಂಪು ದೀಪ ಹತ್ತಿತು.

"ಆಯ್ತೇನು?"

"ಆಯ್ತವ್ವ."

"ಇಷ್ಟೇನಾ?"

ಅವಳು ಆ ದೀಪವನ್ನೊಮ್ಮೆ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಇನ್ನ ಮ್ಯಾಲ ನನ್ನ ಸ್ನಾನ ಎಲ್ಲಾರಕಿಂತ ಕಡೀಕ ಇಡವ್ವ. ನಿಮಗೆಲ್ಲ ಕೆಲಸಕ್ಕ ಹೋಗೋದು ಇರ್ತದ" ಎಂದಳು.

ನೀರು ಚೆನ್ನಾಗಿಯೇ ಕಾಯುತ್ತದೆ, ದೂರುವಂಥದ್ದು ಏನೂ ಇಲ್ಲ. ಈಗ ಮಗ ಸೊಸೆ ಸ್ನಾನ ಮಾಡಿ, ತಿಂಡಿ ತಿಂದು, ತಮ್ಮ ತಮ್ಮ ದಾರಿ ಹಿಡಿದ ಮೇಲೆ ನಾನು ಹೋಗಿ ಅವಳನ್ನು ಎಬ್ಬಿಸುತ್ತೇನೆ. ಅಷ್ಟು ಹೊತ್ತೂ ಅವಳು ಎಚ್ಚರವಾಗಿಯೇ ಮಲಗಿರುತ್ತಾಳೆ.